ನಿಷೇಧಾಜ್ಞೆ ಬಂದರೆ ಸೇರುವ ಹಕ್ಕು ಎಲ್ಲಿ ಹೋಗುತ್ತದೆ? ತುಮಕೂರಿನವರು ಹೇಳಿ

ಗುಬ್ಬಿಗೇಟ್:
ಹೇಮಾವತಿ ನೀರನ್ನು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಗಲಾಟೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ತಿರ ಪ್ರತಿಭಟನೆ ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ಮುಂಚೆಯೇ ನಿಷೇಧಾಜ್ಞೆ ಬಂತು. ಆದರೂ ರೈತರು ಬಂದರು, ಸ್ವಾಮೀಜಿಗಳು ಬಂದರು, ಶಾಸಕರೂ ಬಂದರು. ಆಮೇಲೆ ಕೇಸ್‌ಗಳು ಬಿದ್ದವು.

ಕೆನಾಲ್ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಚರ್ಚೆಗಳು ಬೇಕಾದಷ್ಟಿವೆ, ಅಲ್ಲಿ ಹೋಗಿ ಬೈದಾಡಿಕೊಳ್ಳಿ. ನನ್ನ ಪ್ರಶ್ನೆ ಇಷ್ಟೇ. ಆಯುಧ ಇಲ್ಲದೆ, ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಒಬ್ಬ ಅಧಿಕಾರಿಯ ಸಹಿ ಇರುವ ಕಾಗದ ಅದನ್ನು ಹೇಗೆ ನಿಲ್ಲಿಸುತ್ತದೆ? ಸರಿಯಾದ ಕಾರಣಕ್ಕೆ ನಿಲ್ಲಿಸಿದರೋ, ಸುಮ್ನೆ ತಲೆನೋವು ಬೇಡ ಅಂತ ನಿಲ್ಲಿಸಿದರೋ ಅಂತ ನೋಡುವವರು ಯಾರು?

ಎಂಜಿ ರಸ್ತೆ ಅಂಗಡಿ:
ನೋಡುವವರು ನಾವು, ಅರ್ಧ ಶಟರ್ ಎಳೆದುಕೊಂಡು. ಪ್ರತಿ ಬಂದ್‌ಗೂ ನಮ್ಮ ಬೀದಿಯಲ್ಲಿ ಒಂದೇ ಕಥೆ. ಹತ್ತು ಹುಡುಗರು ಬೈಕ್‌ನಲ್ಲಿ ಬರುತ್ತಾರೆ, ಶಟರ್ ಮೇಲೆ ಬಡಿಯುತ್ತಾರೆ, ಮುಚ್ಚಿಸಿ ಮುಂದೆ ಹೋಗುತ್ತಾರೆ. ಆ ದಿನದ ಬಾಡಿಗೆ, ಕೆಲಸದ ಹುಡುಗರ ಸಂಬಳ ಯಾರು ಕೊಡುತ್ತಾರೆ? ಹಕ್ಕು ನಿಮಗೆ ಮಾತ್ರ ಇದೆಯಾ? ನಿಷೇಧಾಜ್ಞೆ ಬಿದ್ದ ದಿನ ನನಗಂತೂ ನೆಮ್ಮದಿ.

ಗುಬ್ಬಿಗೇಟ್:
ಬಲವಂತದ ಬಂದ್ ಬೇರೆ, ಸೇರುವುದು ಬೇರೆ ಅಲ್ವಾ? ಬಲವಂತವಾಗಿ ಅಂಗಡಿ ಮುಚ್ಚಿಸುವ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲೇ ಹೇಳಿದೆ. ಸುಪ್ರೀಂ ಕೋರ್ಟ್ ಅದೇ ವರ್ಷ ಒಪ್ಪಿದೆ. ನಿಮ್ಮ ಶಟರ್ ಬಡಿದವರನ್ನು ಹಿಡಿಯಲು ನಿಷೇಧಾಜ್ಞೆ ಯಾಕೆ ಬೇಕು? ಮಾಮೂಲಿ ಕಾನೂನೇ ಸಾಕು.

ಎಂಜಿ ರಸ್ತೆ ಅಂಗಡಿ:
ಸಾಕು ಅಂತ ಬರೆಯುವುದು ಸುಲಭ. ಹಿಡಿದಿದ್ದನ್ನು ನಾನು ನೋಡಿಲ್ಲ.

ಕುಣಿಗಲ್ ಕೆರೆ:
ನೀವು ಕೆನಾಲ್ ವಿಷಯ ಬೇಡ ಅಂದರೂ ಒಂದು ಮಾತು ಹೇಳಲೇಬೇಕು. ನಾವು ಕಾಲುವೆಯ ಬಾಲದಲ್ಲಿ ಇರುವವರು. ನಮ್ಮ ಪಾಲಿನ ನೀರು ಬರಲ್ಲ ಅನ್ನುವುದು ನಮ್ಮ ದೂರು. ಮೇಲಿನವರಿಗೆ ತಮ್ಮ ನೀರು ಕೆಳಗೆ ಹೋಗಿಬಿಡುತ್ತದೆ ಅನ್ನುವ ಭಯ. ಇಬ್ಬರೂ ಅದೇ ಜಾಗಕ್ಕೆ ಒಂದೇ ದಿನ ಬಂದು ನಿಂತರೆ? ಪೈಪು, ಜೆಸಿಬಿ ಎಲ್ಲ ಅಲ್ಲೇ ಇವೆ. ಅಂಥ ಕಡೆ ಡಿಸಿ ನಿಷೇಧಾಜ್ಞೆ ಹಾಕದೆ ಕೈಕಟ್ಟಿ ಕೂರಬೇಕಿತ್ತಾ? ನಾಳೆ ತಲೆ ಒಡೆದರೆ ಮೊದಲು ಬೈಯುವವರು ನೀವೇ.

ನಿವೃತ್ತ ಖಾಕಿ:
ಬಂದೋಬಸ್ತ್‌ನಲ್ಲಿ ನಿಂತವನಾಗಿ ಬರೆಯುತ್ತೇನೆ. ಜಿಲ್ಲೆ ಯಾವುದು ಅಂತ ಬೇಡ.

ಬೆಳಗಿನ ಜಾವ ಐದಕ್ಕೆ ಪಾಯಿಂಟ್‌ಗೆ ಹೋಗಬೇಕು. ಟಿಫನ್ ಪ್ಯಾಕೆಟ್ ಬಂದಾಗ ಹತ್ತಾಗಿರುತ್ತದೆ. ಕೆಎಸ್‌ಆರ್‌ಪಿ ವ್ಯಾನಿನ ನೆರಳೇ ನೆರಳು. ಎದುರಿಗೆ ಜನ ಸೇರುತ್ತಾರೆ. ಅರ್ಧ ಜನ ನಮಗೆ ಗೊತ್ತಿರುವವರೇ, ನಮ್ಮ ಊರ ಕಡೆಯವರೇ. ಸಂಘಟಕರ ಜೊತೆ ಮಾತಾಡಿದರೆ ಅವರು ಕೇಳುತ್ತಾರೆ. ಕಷ್ಟ ಬರುವುದು ಹಿಂದಿನ ಸಾಲಿನಿಂದ. ಅಲ್ಲಿ ಯಾರಿದ್ದಾರೆ ಅಂತ ಸಂಘಟಕರಿಗೂ ಗೊತ್ತಿರಲ್ಲ.

ನಿಷೇಧಾಜ್ಞೆ ಇದ್ದರೆ ತಹಶೀಲ್ದಾರರು ಮೈಕ್ ಹಿಡಿದು ಓದುತ್ತಾರೆ. ಚದುರಿ ಅನ್ನುತ್ತಾರೆ. ಚದುರದಿದ್ದರೆ ಬಸ್ ಹತ್ತಿಸಿ, ಯಾವುದಾದರೂ ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಕರೆದುಕೊಂಡು ಹೋಗಿ, ಸಂಜೆ ಬಿಡುತ್ತೇವೆ. ಯಾರಿಗೂ ಪೆಟ್ಟಾಗಲ್ಲ. ಆ ಕಾಗದ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಉಳಿಯುವುದು ಲಾಠಿ. ಕಾಗದವನ್ನು ಬೈಯುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತುಮಕೂರು ವಕೀಲೆ:
ನಿವೃತ್ತ ಖಾಕಿ ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ಆ ಕಾಗದ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ನೋಡೋಣ. ತೊಡಕು ಅಲ್ಲೇ ಇದೆ.

ಹಳೆಯ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಈಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಜನ ಇನ್ನೂ "144 ಹಾಕಿದ್ದಾರೆ" ಅಂತಲೇ ಹೇಳುತ್ತಾರೆ, ಪರವಾಗಿಲ್ಲ, ಒಳಗಿನ ವಿಷಯ ಹೆಚ್ಚುಕಡಿಮೆ ಅದೇ. ಆದೇಶ ಬರಹದಲ್ಲಿರಬೇಕು. ಅದಕ್ಕೆ ಕಾರಣವಾದ ಸಂಗತಿಗಳನ್ನು ಅದರಲ್ಲೇ ಹೇಳಬೇಕು. ಅವಸರ ಇದ್ದರೆ ಎದುರು ಪಕ್ಷವನ್ನು ಕೇಳದೆಯೂ ಹೊರಡಿಸಬಹುದು. ಎರಡು ತಿಂಗಳು ಮೀರಬಾರದು. ಅದಕ್ಕಿಂತ ಜಾಸ್ತಿ ಬೇಕಾದರೆ ರಾಜ್ಯ ಸರ್ಕಾರವೇ ವಿಸ್ತರಿಸಬೇಕು, ಅದೂ ಹೆಚ್ಚೆಂದರೆ ಇನ್ನು ಆರು ತಿಂಗಳು.

ಬೆಂಗಳೂರಿನಲ್ಲಿ ಈ ಅಧಿಕಾರ ಪೊಲೀಸ್ ಕಮಿಷನರ್ ಕೈಯಲ್ಲೇ ಇದೆ. ನಮ್ಮಲ್ಲಿ ಕಮಿಷನರೇಟ್ ಇಲ್ಲ. ಎಸ್‌ಪಿ ವರದಿ ಕೊಡುತ್ತಾರೆ, ಡಿಸಿ ಅಥವಾ ಎಸಿ ಅಥವಾ ತಹಶೀಲ್ದಾರ್ ಸಹಿ ಹಾಕುತ್ತಾರೆ. ಕೇಳುವವರು ಪೊಲೀಸರು, ಕೊಡುವವರು ಕಂದಾಯದವರು. ಇದು ಬೇಕಂತಲೇ ಮಾಡಿದ ವ್ಯವಸ್ಥೆ. ನಡುವೆ ಇನ್ನೊಂದು ತಲೆ ಕೆಲಸ ಮಾಡಲಿ ಅಂತ. ಆ ತಲೆ ಕೆಲಸ ಮಾಡಿದೆಯಾ ಅಂತ ಆದೇಶ ಓದಿದರೆ ಗೊತ್ತಾಗುತ್ತದೆ. "ಪೊಲೀಸ್ ವರದಿಯನ್ನು ಪರಿಶೀಲಿಸಲಾಗಿದೆ, ಶಾಂತಿಭಂಗ ಉಂಟಾಗುವ ಸಂಭವವಿರುವುದರಿಂದ" ಅಂತ ಒಂದು ಸಾಲು, ಅದರ ಕೆಳಗೆ ನೇರವಾಗಿ "ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿದೆ" ಅಂತ ಇನ್ನೊಂದು. ದಿನಾಂಕ, ಊರಿನ ಹೆಸರು ಬದಲಾಯಿಸಿದರೆ ಯಾವ ಗಲಾಟೆಗಾದರೂ ಆಗುತ್ತದೆ. ಇಂಥವನ್ನು ನಾನು ಸಾಕಷ್ಟು ಓದಿದ್ದೇನೆ.

2019ರ ಡಿಸೆಂಬರ್ 18ರ ಬೆಂಗಳೂರಿನ ಆದೇಶ ನೆನಪಿದೆಯಾ? ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ವಿರುದ್ಧ ಪ್ರತಿಭಟನೆ ಶುರುವಾಗಿತ್ತು. 19ರ ಬೆಳಿಗ್ಗೆಯಿಂದ 21ರ ಮಧ್ಯರಾತ್ರಿವರೆಗೆ ಇಡೀ ನಗರಕ್ಕೆ 144. ಮೊದಲೇ ಅನುಮತಿ ಪಡೆದಿದ್ದವರ ಅನುಮತಿಯೂ ಹೋಯ್ತು. ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದ ದೃಶ್ಯ ಎಲ್ಲ ಟಿವಿಯಲ್ಲೂ ಬಂತು. 2020ರ ಫೆಬ್ರವರಿ 13ರಂದು ಕರ್ನಾಟಕ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆ ಆದೇಶ ಕಾನೂನುಬಾಹಿರ ಅಂತ ಹೇಳಿತು. ಕಾರಣ ದೊಡ್ಡದೇನಲ್ಲ. ಡಿಸಿಪಿಗಳು ಬರೆದ ಪತ್ರಗಳನ್ನು ಮುಂದಿಟ್ಟು ಆದೇಶ ಮಾಡಿದ್ದರು. ಅಧಿಕಾರ ಚಲಾಯಿಸಿದವರು ತಾವೇ ಯೋಚಿಸಿ ಒಂದು ತೀರ್ಮಾನಕ್ಕೆ ಬಂದದ್ದು ಅದರಲ್ಲಿ ಕಾಣಿಸಲಿಲ್ಲ.

ಈಗ ತಾರೀಖು ನೋಡಿ. ಆದೇಶ ಬದುಕಿದ್ದು ಮೂರು ದಿನ. ತೀರ್ಪು ಬಂದದ್ದು ಸುಮಾರು ಎಂಟು ವಾರ ಆದ ಮೇಲೆ. ಗೆದ್ದವರಿಗೆ ಸಿಕ್ಕಿದ್ದು ಒಂದು ತೀರ್ಪಿನ ಪ್ರತಿ. ಆ ಮೂರು ದಿನ ವಾಪಸ್ ಬರಲಿಲ್ಲ.

ಎಂಎ ಓದುತ್ತಿರುವವಳು:
ನಮಗೆ 144 ಮೊದಲು ಪರಿಚಯ ಆಗುವುದು ಎಸ್‌ಎಸ್‌ಎಲ್‌ಸಿಯಲ್ಲಿ. ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್, ಝೆರಾಕ್ಸ್ ಅಂಗಡಿ ಬಂದ್. ಆಗಿನಿಂದ ಅದು ಸಹಜ ಅನ್ನಿಸಿಬಿಡುತ್ತದೆ. ಕಾಪಿ ಹೊಡೆಯುವವರನ್ನು ತಡೆಯಲೂ ಅದೇ, ರೈತರನ್ನು ತಡೆಯಲೂ ಅದೇ. ಹೀಗೆ ಬೆಳೆದ ನಾವು ಪ್ರಶ್ನೆ ಕೇಳುವುದು ಯಾವಾಗ?

ಇಂಟರ್‌ನೆಟ್ ನಿಲ್ಲಿಸುವುದರ ಬಗ್ಗೆಯೂ ಯಾರಾದರೂ ಹೇಳಿ. ಅದೂ ಡಿಸಿ ಕೈಯಲ್ಲೇ ಇದೆಯಾ?

ತುಮಕೂರು ವಕೀಲೆ:
ಇಲ್ಲ. ಅದಕ್ಕೆ ಬೇರೆ ನಿಯಮ ಇದೆ. ಮೊದಲು 2017ರದ್ದು ಇತ್ತು, ಈಗ 2024ರದ್ದು. ಮಾಮೂಲಿಯಾಗಿ ರಾಜ್ಯದ ಗೃಹ ಕಾರ್ಯದರ್ಶಿ ಮಟ್ಟದಲ್ಲಿ ಆದೇಶ ಆಗಬೇಕು. ಒಂದು ಸಲಕ್ಕೆ 15 ದಿನ ಮೀರಬಾರದು. ಪರಿಶೀಲನಾ ಸಮಿತಿ ಅದನ್ನು ನೋಡಬೇಕು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತಾಗ ಅಲ್ಲಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದ್ದರು.

ಅದಾಗಿ ಮೂರೇ ವಾರಕ್ಕೆ, 2020ರ ಜನವರಿ 10ರಂದು, ಕಾಶ್ಮೀರದ ವಿಷಯದಲ್ಲಿ ಅನುರಾಧಾ ಭಸೀನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಬಂತು. ಇಂಟರ್‌ನೆಟ್ ಆದೇಶ ಆಗಲಿ, 144 ಆಗಲಿ, ಪ್ರಕಟಿಸಲೇಬೇಕು. ಅಪಾಯ ಎಷ್ಟಿದೆಯೋ ನಿರ್ಬಂಧ ಅಷ್ಟೇ ಇರಬೇಕು. ಅಭಿಪ್ರಾಯ ಹೇಳುವುದನ್ನು, ಅಸಮಾಧಾನ ತೋರಿಸುವುದನ್ನು ಹತ್ತಿಕ್ಕಲು 144 ಬಳಸಬಾರದು. ಒಂದರ ಮೇಲೊಂದು ಆದೇಶ ಹಾಕುತ್ತಾ ಹೋದರೆ ಅದು ಅಧಿಕಾರದ ದುರ್ಬಳಕೆ. ಬೆಂಗಳೂರಿನ ಆದೇಶ ಬಿದ್ದದ್ದೂ ಈ ತೀರ್ಪಿನ ಅಳತೆಯಲ್ಲೇ.

ಗೌರಿಬಿದನೂರು ಮೇಷ್ಟ್ರು:
ಪಕ್ಕದ ಜಿಲ್ಲೆಯವನು, ತಲೆ ಹಾಕುತ್ತಿದ್ದೇನೆ. ನಮ್ಮ ವಿದುರಾಶ್ವತ್ಥಕ್ಕೆ ನೀವೆಲ್ಲ ನಾಗರ ಕಲ್ಲು ನೋಡಲು ಬಂದಿರುತ್ತೀರಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಜನ ಸೇರಿದ್ದರು. ಅದೇ ತಿಂಗಳು ಮಂಡ್ಯ ಕಡೆಯ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಿ ಆಗಿತ್ತು. ಇಲ್ಲೂ ಸೇರಬಾರದು ಅಂತ ತಡೆ ಇತ್ತು. ಸೇರಿದರು. ಗುಂಡು ಹಾರಿತು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಸರ್ಕಾರದ್ದು ಕಡಿಮೆ. ಗುಂಡು ಹಾರಿಸಿದ್ದು ಬ್ರಿಟಿಷರ ಪೊಲೀಸರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಮಕ್ಕಳಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ.

ಇದನ್ನು ಯಾಕೆ ಎತ್ತಿದೆ ಅಂದರೆ, ಆಮೇಲೆ ಆದದ್ದು ನೋಡಿ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಏಪ್ರಿಲ್‌ನಲ್ಲಿ ಶಾಂತಿಭಂಗ ಅನ್ನಿಸಿಕೊಂಡ ಬಾವುಟ ಕೆಲವೇ ವಾರಗಳಲ್ಲಿ ಪರವಾಗಿಲ್ಲ ಅನ್ನಿಸಿಕೊಂಡಿತು. ಹಾಗಾದರೆ ಆ ತಡೆಗೆ ಕೊಟ್ಟ ಕಾರಣ ಎಷ್ಟು ಗಟ್ಟಿಯಾಗಿತ್ತು?

ಕುಣಿಗಲ್ ಕೆರೆ:
ಮೇಷ್ಟ್ರೇ, ರಾಜರ ಕಾಲ ಬೇರೆ. ಈಗ ಸರ್ಕಾರ ಇಷ್ಟ ಆಗದಿದ್ದರೆ ಓಟು ಹಾಕಿ ಇಳಿಸಬಹುದು. ಅದಕ್ಕೂ ಇದಕ್ಕೂ ಹೋಲಿಕೆ ಬೇಡ.

ಹಳೇ ಸಮಾಜವಾದಿ:
ಓಟಿನ ಮಾತು ಬಂತಲ್ಲ, ಓಟು ಹಾಕಿ ಆರಿಸಿದ ಸರ್ಕಾರವೇ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ತಂದದ್ದು. ಮರುದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದರು. ಸಂಸದೀಯ ಸಮಿತಿಯ ಸಭೆಗೆ ಅಂತ ಬಂದವರು ಸೆಂಟ್ರಲ್ ಜೈಲಿಗೆ ಹೋದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಅದೇ ಜೈಲಿನಲ್ಲಿ ಇಟ್ಟಿದ್ದರು. ಆಸ್ತಮಾ ಇದ್ದ ಹೆಂಗಸು. ಪೆರೋಲ್ ಮೇಲೆ ಹೊರಗೆ ಬಂದು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಅಲ್ಲಿ ಮಾತ್ರ ಅಂತ 2021ರಲ್ಲಿ ನಿಯಮ ಆಯಿತು. ಅಂದು ಒಳಗೆ ಹಾಕಿದ ಜಾಗದಲ್ಲೇ ಇಂದು ಕೂಗಿಕೊಳ್ಳಲು ಬಿಟ್ಟಿದ್ದಾರೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಅಂಥದ್ದು ಮತ್ತೆ ಬರಬಹುದು ಅನ್ನುವ ಭಯ ನನಗೆ ಇನ್ನೂ ಇದೆ.

ತುಮಕೂರು ವಕೀಲೆ:
ಸರ್, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಭಯ ಸಣ್ಣ ಆದೇಶಗಳ ಮೇಲೆ.

1978ರ 44ನೇ ತಿದ್ದುಪಡಿ ದೊಡ್ಡ ತುರ್ತು ಪರಿಸ್ಥಿತಿಗೆ ಬೀಗದ ಮೇಲೆ ಬೀಗ ಹಾಕಿತು. "ಆಂತರಿಕ ಗೊಂದಲ" ಅನ್ನುವ ಕಾರಣ ತೆಗೆದು "ಸಶಸ್ತ್ರ ಬಂಡಾಯ" ಅಂತ ಮಾಡಿದರು. ಸಚಿವ ಸಂಪುಟ ಬರಹದಲ್ಲಿ ಸಲಹೆ ಕೊಡಬೇಕು. ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಜೀವದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ಆಗಲೂ ಮುಚ್ಚುವಂತಿಲ್ಲ. 1976ರಲ್ಲಿ ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ಮುಚ್ಚಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು 2017ರಲ್ಲಿ ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಪ್ರಕರಣದಲ್ಲಿ ಕೋರ್ಟೇ ತಳ್ಳಿಹಾಕಿತು.

ಈಗ 163 ನೋಡಿ. ಅದಕ್ಕೆ ಸಂಸತ್ತು ಬೇಡ, ಸಂಪುಟ ಬೇಡ. ತಾಲ್ಲೂಕು ಕಚೇರಿಯಲ್ಲಿ ಒಂದು ಸಹಿ ಸಾಕು. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಐವತ್ತು ವರ್ಷ ಆಯಿತು. ನಿಷೇಧಾಜ್ಞೆ ಎಲ್ಲೋ ಒಂದು ಕಡೆ ಇವತ್ತೂ ಇರುತ್ತದೆ. ಅಂಗಡಿಯವರ ಭಯ, ಕುಣಿಗಲ್‌ನವರ ಭಯ ಸುಳ್ಳಲ್ಲ. ಹಾಗಂತ ಭಯ ಇದೆ ಅಂದ ಮಾತ್ರಕ್ಕೆ ಕಾರಣ ಬರೆಯುವ ಕೆಲಸ ತಪ್ಪಲ್ಲ. ಎಲ್ಲಿ ಅಪಾಯ, ಯಾವ ಹೊತ್ತಿಗೆ, ಯಾವ ಮಾಹಿತಿಯ ಮೇಲೆ, ಅನುಮತಿಗೆ ಷರತ್ತು ಹಾಕಿದ್ದರೆ ಯಾಕೆ ಸಾಲುತ್ತಿರಲಿಲ್ಲ? ಈ ನಾಲ್ಕಕ್ಕೆ ಉತ್ತರ ಇರುವ ಆದೇಶವನ್ನು ನಾನೇ ಒಪ್ಪುತ್ತೇನೆ.

ನರಸಾಪುರ ರೋಡ್:
ಕೋಲಾರದಿಂದ. ನಮ್ಮಲ್ಲಿ ಎರಡು ಆದವು, ಎರಡೂ ಬೇರೆ ಬೇರೆ ಥರ.

2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ಏರ್‌ಪೋರ್ಟ್ ರಸ್ತೆ ಜಾಮ್, ಆಮೇಲೆ ಲಾಠಿ. ಅದಕ್ಕೂ ಮುಂಚೆ ಧರಣಿ ಕೂತು ಕೂತು ಸಾಕಾಗಿತ್ತು, ಯಾರೂ ತಿರುಗಿ ನೋಡಿರಲಿಲ್ಲ. ಟ್ರ್ಯಾಕ್ಟರ್ ರಾಜಧಾನಿಗೆ ಹೋದ ದಿನ ಇಡೀ ರಾಜ್ಯಕ್ಕೆ ನಮ್ಮ ಬೋರ್‌ವೆಲ್ ಆಳ ಗೊತ್ತಾಯಿತು. ಯಾರಿಗೂ ತೊಂದರೆ ಆಗದ ಹಾಗೆ ಪ್ರತಿಭಟನೆ ಮಾಡಿ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಇನ್ನೊಂದು 2020ರ ಡಿಸೆಂಬರ್ 12. ಐಫೋನ್ ಜೋಡಿಸುವ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟ್ ಬದಲಾಗುವ ಹೊತ್ತಿಗೆ ಗಾಜು ಒಡೆದವು, ವಾಹನಗಳು ಹೊತ್ತಿದವು. ಅದನ್ನು ಯಾರೂ ಸಮರ್ಥಿಸಲ್ಲ. ನೂರಕ್ಕೂ ಹೆಚ್ಚು ಜನ ಅರೆಸ್ಟ್. ವಾರ ಕಳೆಯುವುದರೊಳಗೆ ಕಂಪನಿಯೇ ಕ್ಷಮೆ ಕೇಳಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲ ಅಂತ ಒಪ್ಪಿತು. ಆ ಸಂಬಳಕ್ಕಾಗಿ ಗೇಟಿನ ಮುಂದೆ ಸುಮ್ನೆ ಕೂರಲು ಒಂದು ಜಾಗ, ಕೇಳುವ ಒಂದು ಕಿವಿ ಇದ್ದಿದ್ದರೆ? ಅಷ್ಟು ದೂರ ಹೋಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಎಂಜಿ ರಸ್ತೆ ಅಂಗಡಿ:
ಇದ್ದರೂ ಇರಬಹುದು. ಆದರೆ ಒಂದು ಮಾತು. ಕೂರಲು ಜಾಗ ಕೊಡಿ, ನನಗೇನೂ ಇಲ್ಲ. ಟೌನ್ ಹಾಲ್ ಸರ್ಕಲ್‌ನಲ್ಲೇ ಕೂರಬೇಕಾ? ಜೂನಿಯರ್ ಕಾಲೇಜು ಮೈದಾನ ಇಲ್ವಾ?

ಎಂಎ ಓದುತ್ತಿರುವವಳು:
ಮೈದಾನದಲ್ಲಿ ಕೂತರೆ ನೋಡುವವರು ಕ್ರಿಕೆಟ್ ಆಡುವ ಹುಡುಗರು ಮಾತ್ರ. ಡಿಸಿಗೆ ಹೇಳಬೇಕಾದದ್ದನ್ನು ಡಿಸಿ ಆಫೀಸ್ ಮುಂದೆಯೇ ಹೇಳಬೇಕು.

ತುಮಕೂರು ವಕೀಲೆ:
ಇಬ್ಬರಿಗೂ ಅರ್ಧರ್ಧ ಉತ್ತರ ಇದೆ. ಬೀದಿಯಲ್ಲಿ ಸಭೆ ಮಾಡಲು ಅನುಮತಿ ಕೇಳಿ ಅನ್ನಬಹುದು, ಪೂರ್ತಿಯಾಗಿ ಬೇಡ ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಹಿಮತ್‌ಲಾಲ್ ಶಾ ಪ್ರಕರಣದ ಕಾಲದಿಂದ, ಅಂದರೆ 70ರ ದಶಕದಿಂದ ಇದೆ. ದೆಹಲಿಯ ಶಾಹೀನ್ ಬಾಗ್ ಧರಣಿಯ ವಿಷಯದಲ್ಲಿ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಸ್ತೆಯನ್ನು ಲೆಕ್ಕವಿಲ್ಲದಷ್ಟು ದಿನ ಹಿಡಿದು ಕೂರುವಂತಿಲ್ಲ ಅಂದಿತು. ಒಂದು ಬೆಳಿಗ್ಗೆ ಡಿಸಿ ಆಫೀಸ್ ಮುಂದೆ ಘೋಷಣೆ ಕೂಗಿ ಮನವಿ ಕೊಟ್ಟರೆ ಅದು ರಸ್ತೆ ಹಿಡಿದು ಕೂತಂತಲ್ಲ.

ಗುಬ್ಬಿಗೇಟ್:
ಸರಿ, ಕೆಲಸಕ್ಕೆ ಬರುವ ಮಾತಿಗೆ ಬರೋಣ. ನಾಳೆ ನಮ್ಮ ತಾಲ್ಲೂಕಿಗೆ ಆದೇಶ ಬಂತು ಅಂದುಕೊಳ್ಳಿ. ಹೈಕೋರ್ಟಿಗೆ ಹೋಗುವಷ್ಟು ದುಡ್ಡು, ಟೈಮ್ ಎರಡೂ ಇಲ್ಲ. ಏನು ಮಾಡಬೇಕು?

ತುಮಕೂರು ವಕೀಲೆ:
ಮೊದಲು ಆದೇಶದ ಪ್ರತಿ ಕೇಳಿ. ವಾಟ್ಸಾಪ್‌ನಲ್ಲಿ ಓಡಾಡುವ ಫೋಟೊ ಅಲ್ಲ, ಸಹಿ ಇರುವ ಪೂರ್ತಿ ಪ್ರತಿ. ಪ್ರಕಟಿಸುವುದು ಅವರ ಹೊಣೆ ಅಂತ ಭಸೀನ್ ತೀರ್ಪು ಹೇಳಿದೆ, ಅದನ್ನೇ ಬರೆಯಿರಿ. ಆದೇಶ ಹೊರಟ ದಿನವೇ ಜಿಲ್ಲೆಯ ವೆಬ್‌ಸೈಟ್‌ಗೆ ಹಾಕಲು ಖರ್ಚೇನೂ ಇಲ್ಲ, ಮನಸ್ಸು ಬೇಕು ಅಷ್ಟೇ.

ಎರಡನೆಯದು, ಜನರಿಗೆ ಗೊತ್ತೇ ಇಲ್ಲದ್ದು. 163ರಲ್ಲೇ ಒಂದು ದಾರಿ ಇದೆ. ಆದೇಶದಿಂದ ತೊಂದರೆ ಆದವರು ಅದೇ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಕೊಟ್ಟು ರದ್ದು ಮಾಡಿ ಅಥವಾ ಬದಲಿಸಿ ಅಂತ ಕೇಳಬಹುದು. ಖುದ್ದಾಗಿಯೋ ವಕೀಲರ ಮೂಲಕವೋ ಹೇಳಿಕೊಳ್ಳಲು ಬೇಗ ಅವಕಾಶ ಕೊಡಬೇಕು. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಪೂರ್ತಿ ರದ್ದು ಮಾಡಿ ಅಂತಲೇ ಕೇಳಬೇಕಿಲ್ಲ. ಕಾಮಗಾರಿ ಜಾಗದ ಸುತ್ತ ಇರಲಿ, ಊರಿನ ಬಸ್ ಸ್ಟ್ಯಾಂಡ್ ಪಕ್ಕ ಬೇಡ ಅಂತ ಕೇಳಬಹುದು. ಆಗ ಕುಣಿಗಲ್‌ನವರ ಭಯಕ್ಕೂ ಉತ್ತರ ಸಿಗುತ್ತದೆ. ಈ ಅರ್ಜಿ ಹಾಕುವವರೇ ಕಡಿಮೆ. ಹಾಕಿದರೆ ಆ ಅಧಿಕಾರಿ ಒಂದು ಸಲ ಕಾರಣ ಬರೆಯಲೇಬೇಕು. ಮುಂದಿನ ಸಲ ಸಹಿ ಹಾಕುವಾಗ ಪೆನ್ನು ಸ್ವಲ್ಪ ನಿಧಾನ ಆಗುತ್ತದೆ.

ಮೂರನೆಯದು ಕೇಸ್ ಬಿದ್ದರೆ. ಆದೇಶ ಮೀರಿದ್ದಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್. ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ. ಜೀವಕ್ಕೆ ಅಪಾಯ ಆಗಿದ್ದರೆ ಒಂದು ವರ್ಷ, 5,000. ಆದರೆ ಆದೇಶ ಮಾಡಿದ ಅಧಿಕಾರಿ ಅಥವಾ ಅವರ ಮೇಲಿನವರು ಬರಹದಲ್ಲಿ ದೂರು ಕೊಡದೆ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬರೀ ಎಫ್‌ಐಆರ್ ಸಾಲದು. ಇದೇ ಕಾರಣಕ್ಕೆ ಎಷ್ಟೋ ಕೇಸ್ ಹೈಕೋರ್ಟಿನಲ್ಲಿ ಬಿದ್ದುಹೋಗಿವೆ.

ನರಸಾಪುರ ರೋಡ್:
ಕೋರ್ಟ್ ಯಾಕೆ, ಸರ್ಕಾರ ಬದಲಾದರೆ ಕೇಸ್ ವಾಪಸ್!

ತುಮಕೂರು ವಕೀಲೆ:
ಅದನ್ನು ನಂಬಿ ಕೂರಬೇಡಿ. ಕೇಸ್ ವಾಪಸ್ ಪಡೆಯಲು ಕೋರ್ಟಿನ ಒಪ್ಪಿಗೆ ಬೇಕು. ಹೀಗೆ 43 ಕೇಸ್ ಕೈಬಿಡಲು ಹೊರಟ ರಾಜ್ಯ ಸರ್ಕಾರದ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದು ಮಾಡಿತು. ನಾಯಕರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಹಿಂದೆ ನಿಂತ ರೈತ ವರ್ಷಗಟ್ಟಲೆ ವಾಯಿದೆಗೆ ಅಲೆಯುತ್ತಾನೆ. ಒಂದೊಂದು ವಾಯಿದೆಗೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಶಿಕ್ಷೆ ಅಂದರೆ ಅದೇ.

ಕುಣಿಗಲ್ ಕೆರೆ:
ಜಾಗ ಬೇರೆ ಮಾಡಿ ಅಂತ ಅರ್ಜಿ ಹಾಕಬಹುದು ಅನ್ನುವುದು ಗೊತ್ತಿರಲಿಲ್ಲ. ನಮ್ಮ ಕಡೆಯವರೂ ಹಾಕಬಹುದು ತಾನೆ? ನೀರು ಬಿಡಿ ಅಂತ ನಾವು ಸೇರಿದಾಗಲೂ ಇದೇ ಕಾಗದ ಬರುತ್ತದೆ.

ತುಮಕೂರು ವಕೀಲೆ:
ಖಂಡಿತ ಹಾಕಬಹುದು.

ಗುಬ್ಬಿಗೇಟ್:
ಅರ್ಜಿಯ ನಮೂನೆಯೊಂದನ್ನು ಕನ್ನಡದಲ್ಲಿ ಬರೆದು ಇಲ್ಲಿ ಹಾಕುತ್ತೀರಾ ಮೇಡಂ? ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಒಂದೇ ಸಾಕು.

ತುಮಕೂರು ವಕೀಲೆ:
ಭಾನುವಾರ ಹಾಕುತ್ತೇನೆ. ಒಂದೇ ಪುಟ ಸಾಕು, ಪುರಾಣ ಬೇಡ.

ನಿವೃತ್ತ ಖಾಕಿ:
ಅದರಲ್ಲಿ ಒಂದು ಸಾಲು ಸೇರಿಸಿ ಮೇಡಂ. ಸಂಘಟಕರ ಫೋನ್ ನಂಬರ್, ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಸುತ್ತಾರೆ, ಹಿಂದಿನ ಸಾಲು ನೋಡಿಕೊಳ್ಳುವ ಸ್ವಯಂಸೇವಕರು ಯಾರು. ಇಷ್ಟು ಇದ್ದರೆ ಸ್ಟೇಷನ್‌ನಿಂದ ಹೋಗುವ ವರದಿಯ ಧಾಟಿಯೇ ಬದಲಾಗುತ್ತದೆ. ಇದಿಲ್ಲದೆ ಬಂದ ಅರ್ಜಿಗೆ ಬೇಡ ಅಂತ ಬರೆಯುವುದು ಯಾರಿಗಾದರೂ ಸುಲಭ.